ನಾತ ನನ್ನಂಗಡಿಗಷ್ಟೇ ಯಾಕೆ?

ಲಿಂಗಸುಗೂರಿನ ಸೀರೆ ಸಾಹುಕಾರರು ನನ್ನ ರೂಮಿಗೆ ಬಂದವರು, ಕೂರುವ ಮೊದಲೇ ಮೂಗಿಗೆ ಕರ್ಚೀಫ್ ಹಿಡಿದರು.

‘ಏನ್ ತಮ್ಮಾ, ಒಳಗ ಏನರ ಸತ್ತೈತೇನು?’

ಸತ್ತಿದ್ದು ನನ್ನ ಮಾನ.

ಮಸ್ಕಿಯ ಕಾಂಪ್ಲೆಕ್ಸ್ ಒಂದರ ಮೊದಲ ಮಹಡಿಯಲ್ಲಿ ನನ್ನದೊಂದು ರೆಕಾರ್ಡಿಂಗ್ ರೂಮು. ಆಟೋದಲ್ಲಿ ಮೈಕ್ ಕಟ್ಟಿಕೊಂಡು ‘ಬನ್ನಿರಿ, ಬನ್ನಿರಿ’ ಅಂತ ಊರು ಸುತ್ತುತ್ತಲ್ಲ, ಆ ಧ್ವನಿ ನಂದೇ. ಗಂಡಸಿನದೂ ನಂದೇ, ಹೆಂಗಸಿನದೂ ನಂದೇ. (ನಡುವೆ ಅಳುವ ಮಗು ಕೂಡ.) ಸಾಹುಕಾರರು ಮಸ್ಕಿಯಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಇಡೀ ಸೀಸನ್ನಿನ ಪ್ರಚಾರ ನನಗೇ ಕೊಡೋ ಮಾತು.

‘ಶುಕ್ರವಾರ ಬರ್ತೀನಿ. ಅಷ್ಟರಾಗ ಇದನ್ನ ನೋಡು. ಇಲ್ಲಂದ್ರ ಸಿಂಧನೂರಾಗ ಮಾಡಿಸ್ಕೋತೀನಿ.’

ಹೇಳಿ ಎದ್ದರು. ಎದ್ದವರು ಸೀದಾ ಹೋಗಿ ಕೂತಿದ್ದೆಲ್ಲಿ? ಪಕ್ಕದ ಯಾಸೀನ್ ಭಾಯ್ ಅಂಗಡಿಯಲ್ಲಿ. ಚಹಾ ಬೇರೆ ಕುಡಿದರು.

ಯಾಸೀನ್ ಭಾಯ್ ಬ್ಲೌಸ್ ಟೇಲರ್. ನನಗಿಂತ ಐದಾರು ವರ್ಷ ದೊಡ್ಡವನು. ಹಿಂದೆ ಖಾನಾವಳಿ ಇದ್ದ ಒಂದೇ ಹಾಲಿಗೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದಾರೆ. ಅರ್ಧ ಅವನದು, ಅರ್ಧ ನನ್ನದು. ಅವನ ಅರ್ಧದಲ್ಲಿ ಕಾಲಿಡಲು ಜಾಗ ಇರಲ್ಲ. ನನ್ನ ಅರ್ಧದಲ್ಲಿ ಕಾಲು ಚಾಚಿ ಮಲಗಬಹುದು. ನನ್ನ ಮಿಮಿಕ್ರಿ ಕೇಳಿ ನಗುವ ಹೆಣ್ಣುಮಕ್ಕಳೆಲ್ಲ ನಗೋದು ನನ್ನ ಬಾಗಿಲಲ್ಲಿ, ಹೋಗಿ ಕೂರೋದು ಅವನ ಬೆಂಚಿನ ಮೇಲೆ. ಹೊಟ್ಟೆ ಉರಿಯದೆ ಇನ್ನೇನು ತಣ್ಣಗಿರುತ್ತಾ?

ಈಗ ಇದೂ ಸೇರಿತು. ಮೋರಿ ನಾತ ನನ್ನ ಅರ್ಧಕ್ಕಷ್ಟೇ. ಅವನ ಕಡೆ ಹೊಸ ಬಟ್ಟೆಯ ವಾಸನೆ. ನಾತಕ್ಕೂ ಪಾರ್ಷಿಯಾಲಿಟಿಯೇ?

ಅವನೇ ಏನೋ ಮಾಡಿದ್ದಾನೆ ಅಂತ ನನ್ನ ತೀರ್ಮಾನ. ಬಿಲ್ಡಿಂಗ್ ಮಾಲೀಕರಿಗೆ ಫೋನ್ ಹಚ್ಚಿ, ನಡುವಯಸ್ಸಿನ ಅಕ್ಕನ ಧ್ವನಿ ತೆಗೆದೆ. ‘ಮಾಲಕ್ರ, ಆ ಟೇಲರ್ ಅಂಗಡಿಯಾಗ ಮೋರಿ ನಾತ ಬರಾಕತ್ತೈತ್ರಿ. ಅವನ್ನ ಬಿಡಿಸ್ರಿ.’

‘ಹೌದೇನ್ ಅಕ್ಕಾರ? ನಿಮ್ ಹಿಂದ ಬೋರ್‌ವೆಲ್ ಜಾಹೀರಾತು ಬಡ್ಕೊಳ್ಳಾಕತ್ತೈತಲ್ಲ. ಮೊದ್ಲು ಅದನ್ನ ಬಂದ್ ಮಾಡು ಮಗನ, ಆಮ್ಯಾಗ ಮಾತಾಡು.’

ಕಂಪ್ಯೂಟರಲ್ಲಿ ನನ್ನದೇ ರೆಕಾರ್ಡಿಂಗ್ ಓಡುತ್ತಿತ್ತು.

ಮಾಲೀಕರೇ ಸಂತೆಕಲ್ಲೂರಿನ ಪ್ಲಂಬರ್ ಹನುಮಪ್ಪನನ್ನು ಕಳಿಸಿದರು. ಅವನು ಒಂದು ಊದುಬತ್ತಿ ಹಚ್ಚಿದ. ‘ಪೂಜಿ ಮಾಡಾಕ ಬಂದೀಯೇನು?’ ಅಂದೆ. ಅವನು ಮೆಟ್ಟಿಲ ಕೆಳಗಿನ ಪಾಯಖಾನೆ, ಹೊರಗಿನ ಪೈಪು, ಕಿಟಕಿ, ಎಲ್ಲ ಕಡೆ ಬತ್ತಿ ಹಿಡಿದ. ಹೊಗೆ ನೆಟ್ಟಗೆ ಮೇಲೇರಿತು. ಕಡೆಗೆ ನನ್ನ ರೂಮಿನ ಮೂಲೆಯಲ್ಲಿ ಕಾರ್ಪೆಟ್ ಎತ್ತಿದ. ಖಾನಾವಳಿ ಕಾಲದ ಮೋರಿ ಜಾಲರಿ. ಅಲ್ಲಿ ಹಿಡಿದದ್ದೇ ತಡ, ಹೊಗೆ ತಳ್ಳಿಸಿಕೊಂಡಂತೆ ಈಚೆ ಬಾಗಿತು.

‘ಇದರ ಕೆಳಗ ಬಾಗಿದ ಪೈಪ್ ಇರ್ತೈತ್ರಿ. ಅದರಾಗ ಯಾವಾಗ್ಲೂ ನೀರು ನಿಂತಿರಬೇಕು. ಆ ನೀರೇ ಬಾಗಿಲಿದ್ದಂಗ. ಒಣಗಿದ್ರ ಕೆಳಗಿನ ನಾತೆಲ್ಲ ಮ್ಯಾಲ ಬರ್ತೈತಿ. ಇದಕ್ಕ ಕಡೀಗೆ ನೀರು ಹಾಕಿದ್ದು ಯಾವಾಗ?’

ನಾನು ಹಾಕೇ ಇರಲಿಲ್ಲ. ಹಾಕುತ್ತಿದ್ದವನು ಯಾಸೀನ್ ಭಾಯ್.

ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮೊದಲು ಅವನು ಅಂಗಡಿ ತೊಳೆಯುತ್ತಿದ್ದ. ನೆಲದ ಇಳಿಜಾರು ನನ್ನ ಕಡೆಗೆ. ನೀರು ಪ್ಲೈವುಡ್ ಅಡಿಯಿಂದ ಬಂದು ಈ ಜಾಲರಿಗೆ ಇಳಿಯುತ್ತಿತ್ತು. ಬೇಸಿಗೆ ಶುರುವಿಗೆ ಅವನಿಗೆ ಮುಕ್ಕುಂದದ ಒಂದು ಮದುವೆಯ ಅಷ್ಟೂ ಬ್ಲೌಸ್ ಆರ್ಡರ್ ಬಂತು. ಅದೇ ವಾರ ನಾನು ಗೌಂಡಿಯನ್ನು ಕರೆಸಿ, ಪ್ಲೈವುಡ್ ಗುಂಟ ಎರಡಿಂಚು ಸಿಮೆಂಟ್ ಕಟ್ಟೆ ಹಾಕಿಸಿ, ಈಚೆ ಕಾರ್ಪೆಟ್ ಹಾಸಿದೆ. ವೈರ್ ತೊಯ್ಯುತ್ತವೆ ಅಂತ ಊರಿಗೆಲ್ಲ ಹೇಳಿದೆ. (ವೈರ್‌ಗಳೆಲ್ಲ ಗೋಡೆಯ ಮೇಲಿವೆ.) ಅಂದಿನಿಂದ ಅವನು ನೆಲ ಒರೆಸಿ, ಹಿಂಡಿ, ಬಕೆಟ್ ಹೊತ್ತು ಮೆಟ್ಟಿಲಿಳಿದು ಚೆಲ್ಲಿ ಬರುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಅವನ ಏದುಸಿರನ್ನೂ ಮಿಮಿಕ್ರಿ ಮಾಡಿ ಜನರನ್ನು ನಗಿಸಿದ್ದೇನೆ.

ಹನುಮಪ್ಪ ಕಟ್ಟೆಯನ್ನು ಬೆರಳಿಂದ ತಟ್ಟಿದ. ‘ಈ ಶಾಣೇತನ ಯಾರು ಮಾಡ್ಯಾರ್ರಿ?’

ಕೊರಳಿಗೆ ಟೇಪು ಹಾಕಿಕೊಂಡು ಯಾಸೀನ್ ಭಾಯ್ ಬಾಗಿಲಲ್ಲೇ ನಿಂತಿದ್ದ. ಸಾಹುಕಾರರೂ ಬಂದು ಅವನ ಹಿಂದೆ ನಿಂತಿದ್ದರು. ಶುಕ್ರವಾರ ಅಂದವರು ಗುರುವಾರವೇ ಬಂದಿದ್ದರು. ಕೆಲಸ ಹೋಯಿತು ಅಂದುಕೊಂಡೆ.

‘ನಾನೇ ಹೇಳಿ ಕಟ್ಟಿಸೀನಿ’ ಅಂದ ಯಾಸೀನ್ ಭಾಯ್. ‘ಅವನ ವೈರ್ ತೊಯ್ತಿದ್ವು. ನಂದೇ ತಪ್ಪು.’

ಹೋಗಿ ತನ್ನ ಕೊಡ ತಂದು ಜಾಲರಿಗೆ ನೀರು ಸುರಿದ. ಗಳಗಳ ಅಂತ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾತ ಇಲ್ಲ. ಸಾಹುಕಾರರು ಕೂತರು, ರೆಕಾರ್ಡಿಂಗ್ ಆಯಿತು, ಸೀಸನ್ ನನ್ನದಾಯಿತು.

ಸಂಜೆ ನಾನೇ ಹೋಗಿ, ‘ಭಾಯ್, ಕಟ್ಟಿ ಒಡಿಸ್ತೀನಿ’ ಅಂದೆ. ತಲೆ ಎತ್ತಲಿಲ್ಲ, ಮಷೀನ್ ತುಳಿಯುತ್ತಲೇ ಇದ್ದ.

‘ಇರ್ಲಿ ಬಿಡು. ಮತ್ತ ಧೂಳು ಎಬ್ಬಿಸಬ್ಯಾಡ, ನಿನ್ನ ಗಂಟಲು ಕೆಡ್ತೈತಿ. ಶುಕ್ರವಾರಕ್ಕೊಮ್ಮಿ ನಾನೇ ಬಂದು ಒಂದು ಕೊಡ ಹಾಕಿ ಹೋಗ್ತೀನಿ.’

ಗಿರಾಕಿಗಳು ಅವನಿಗೆ, ನನ್ನ ಬಾಗಿಲಲ್ಲಿ ನಕ್ಕವರೂ ಅವನ ಬೆಂಚಿಗೆ. ಈಗ ಒಳ್ಳೆಯತನವೂ ಅವನಿಗೇ. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ.

ಒಂದೇ ಒಂದು ಸಲ ಬೈದಿದ್ದರೆ ಅವನ ಗಂಟೇನು ಹೋಗುತ್ತಿತ್ತು?