ನೆರಳಿನ ಕಡೆಯ ಸೀಟು

ನಮ್ಮ ಚಿಕ್ಕಪ್ಪನನ್ನು ಪೇಟೆಯಲ್ಲಿ ಎಲ್ಲರೂ ‘ಪರದೆ ಚಿಕ್ಕಪ್ಪ’ ಎಂದೇ ಕರೆಯುತ್ತಾರೆ. ಅವರಿಗಿಂತ ಹಿರಿಯರೂ ಸಹ. ಕಿಟಕಿ ಪರದೆ ಹೊಲಿಯುವುದು ಅವರ ಕಸುಬು. ಯಾರ ಮನೆಗೆ ಹೋದರೂ ಮನುಷ್ಯರಿಗಿಂತ ಮೊದಲು ಕಿಟಕಿಗಳನ್ನು ಮಾತನಾಡಿಸುತ್ತಾರೆ. “ಮಧ್ಯಾಹ್ನದ ಮೇಲೆ ಈ ಕೋಣೆ ಒಲೆ ಆಗುತ್ತಲ್ವಾ?” ಎಂದು ಕೇಳಿ, ಮನೆಯವರು ಹೌದೆನ್ನುವಷ್ಟರಲ್ಲಿ ಅಳತೆ ಟೇಪು ಹೊರಗೆ ಬಂದಿರುತ್ತದೆ. ಬಿಸಿಲೆಂದರೆ ಅವರಿಗೆ ಹುಟ್ಟು ವೈರಿ. ಸೋಫಾದ ಬಣ್ಣ ತಿನ್ನುವುದು ಬಿಸಿಲು, ತಲೆನೋವು ತರುವುದು ಬಿಸಿಲು, ಗಂಡ ಹೆಂಡಿರ ಜಗಳಕ್ಕೂ ಬಿಸಿಲೇ ಕಾರಣ. ಅವರ ಸ್ವಂತ ಮನೆಯ ಕಿಟಕಿಗಳಿಗೆ ಎರಡೆರಡು ಪದರ. ಹಗಲಲ್ಲೂ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ ಚಿಕ್ಕಮ್ಮ, “ನಾನು ಕಟ್ಕೊಂಡಿದ್ದು ಮನುಷ್ಯನನ್ನಲ್ಲ ಕಣೇ, ಮೋಡವನ್ನ” ಎಂದು ನಗುತ್ತಿದ್ದರು.

ಪರದೆ ಕತ್ತರಿಸುವುದು ಚಿಕ್ಕಪ್ಪ, ಅಂಚು ಮಡಿಸಿ ಹೊಲಿಯುವುದು ಚಿಕ್ಕಮ್ಮ. ಹೀಗೇ ಇಬ್ಬರ ಆಯುಸ್ಸು ಸವೆಯಿತು. ಚಿಕ್ಕಮ್ಮನ ಅಕ್ಕ ಇದ್ದದ್ದು ಬಲು ದೂರದ ಊರಿನಲ್ಲಿ. ಅವರಿಬ್ಬರೂ ಹುಟ್ಟಿ ಬೆಳೆದ ಊರು ಅದು. ಬಸ್ಸಿನಲ್ಲಿ ಹೋಗಿ ಬಂದರೆ ಮೈಯೆಲ್ಲ ಹಣ್ಣು. ಒಂದು ವರ್ಷ ಚಿಕ್ಕಪ್ಪನಿಗೆ ಅದೇನು ಉದಾರ ಬುದ್ಧಿ ಬಂತೋ, ವಿಮಾನದಲ್ಲೇ ಹೋಗೋಣ ಎಂದರು. ಟಿಕೆಟ್ ತೆಗೆಯುವ ಕೆಲಸ ನನ್ನದು. ಅಂಗಡಿಯಲ್ಲೇ ಕೂತು, ಯಾವ ಕಡೆಯ ಕಿಟಕಿ ಬೇಕು ಎಂದು ಕೇಳಿದೆ.

ಚಿಕ್ಕಮ್ಮ ಹೊಲಿಗೆಯಿಂದ ತಲೆ ಎತ್ತಿದರು. “ನೆರಳಿನ ಕಡೆ ತಗೊಳ್ಳಮ್ಮ.”

“ನೆರಳಾ?” ಚಿಕ್ಕಪ್ಪನಿಗೆ ನಗು. “ನಮ್ಮನೇಲಿ ನೆರಳಿಗೇನು ಬರ? ಬೆಳಗಿನ ವಿಮಾನ, ಹೋಗೋದು ಉತ್ತರಕ್ಕೆ. ಬಲಗಡೆ ಬಿಸಿಲು ನಿಜ, ಆದ್ರೆ ಬೆಟ್ಟಗಳೂ ಅದೇ ಕಡೆ. ಎಡಗಡೆ ಬರೀ ಬಯಲು. ಅದನ್ನ ನೋಡೋಕೆ ಅಷ್ಟೆತ್ತರ ಹತ್ಬೇಕಾ? ಬಿಸಿಲು ಬಂದ್ರೆ ಪರದೆ ಎಳೆದ್ರಾಯ್ತು. ನಿಂಗೆ ನೆರಳು ಕೊಡೋಕೆ ನಾನಿಲ್ವಾ?”

ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದರು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನ ಜೊತೆ ಬಾಳಿ ಅಭ್ಯಾಸವಾಗಿತ್ತಲ್ಲ, ದಾರವನ್ನು ಹಲ್ಲಿನಿಂದ ಕಡಿದು, “ಸರಿ ಬಿಡಿ” ಎಂದರು. ನಾನು ಬಲಗಡೆಯ ಸೀಟು ಒತ್ತಿದೆ.

ಆ ಪ್ರಯಾಣದ ಕಥೆಯನ್ನು ಚಿಕ್ಕಪ್ಪ ಗಿರಾಕಿಗಳಿಗೆಲ್ಲ ಹೇಳಿದರು. “ಮೇಲೆ ಹೋಗ್ತಿದ್ದ ಹಾಗೇ ಬಿಸಿಲು ಇವಳ ಮುಖಕ್ಕೆ ಬಿತ್ತು. ಎಳೆದೆ ನೋಡಿ! ಬಟ್ಟೆ ಅಲ್ಲ, ಪ್ಲಾಸ್ಟಿಕ್ ಮುಚ್ಚಳ, ಆದ್ರೂ ಕೆಲಸ ಮಾಡುತ್ತೆ. ದಾರಿಯುದ್ದಕ್ಕೂ ತಣ್ಣಗೆ ಕೂತಿದ್ಲು.” ಬೆಟ್ಟದ ಕಥೆ ಏನಾಯಿತು ಎಂದು ಯಾರಾದರೂ ಕೇಳಿದರೆ ಮಾತು ಹಾರಿಸುತ್ತಿದ್ದರು. “ಇಳಿಯೋ ಹೊತ್ತಿಗೆ ಗಗನಸಖಿ ಬಂದು ಮುಚ್ಚಳ ತೆಗೆಸಿದ್ಲು. ಆಗ ಇವಳೇನು ಮಾಡಿದ್ಲು ಗೊತ್ತಾ? ತನ್ನ ಕಿಟಕಿ ಬಿಟ್ಟು ಆ ಕಡೆ ಸಾಲಿನವರ ಕಿಟಕಿಗೆ ಕತ್ತು ಚಾಚ್ತಾಳೆ! ತನ್ನ ತಟ್ಟೆ ಬಿಟ್ಟು ಪಕ್ಕದವರ ತಟ್ಟೆ ನೋಡೋ ಹಾಗೆ!” ಎಲ್ಲರೂ ನಗುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದರು.

ಆಮೇಲೆ ಚಿಕ್ಕಮ್ಮನಿಗೆ ಕಣ್ಣಿನ ಕಾಟ ಶುರುವಾಯಿತು. ಒಳಗೆ ಒತ್ತಡ ಹೆಚ್ಚಿದೆ ಎಂದರು ವೈದ್ಯರು. ಹನಿ ಹಾಕಿದ್ದಾಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ನೋಟ ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬಂತು. “ಯಾರೋ ಎರಡೂ ಕಡೆಯಿಂದ ಪರದೆ ಎಳೀತಿದಾರೆ ಕಣ್ರೀ. ನೀವಂತೂ ಅಲ್ಲ ತಾನೆ?” ಎಂದು ತಮಾಷೆ ಮಾಡಿದರು ಚಿಕ್ಕಮ್ಮ. ಚಿಕ್ಕಪ್ಪ ಆ ದಿನ ಊಟ ಮಾಡಲಿಲ್ಲ. ಕೊನೆಗೆ ಉಳಿದಿದ್ದ ಸಣ್ಣ ಕಿಂಡಿಯೂ ಮುಚ್ಚಿತು.

ಒಂದು ಸಂಜೆ ಚಿಕ್ಕಮ್ಮನ ಅಕ್ಕನ ಫೋನು ಬಂತು. ಕೈಯಲ್ಲಿ ಕೆಲಸವಿಲ್ಲದೆ ಕೂತಿದ್ದ ಚಿಕ್ಕಮ್ಮನಿಗೆ ಅಂಗಡಿಯಲ್ಲೇ ಜೋರಾಗಿ ಕೇಳುವಂತೆ ಇಟ್ಟುಕೊಟ್ಟೆ. ಆಕೆ ತಂಗಿಗೆ ಸಮಾಧಾನ ಹೇಳುತ್ತಿದ್ದರು: “ಹೋಗ್ಲಿ ಬಿಡೇ, ಕಣ್ಣಿದ್ದಾಗ ನೆರಳಾದ್ರೂ ನೋಡ್ಕೊಂಡ್ಯಲ್ಲ. ಮೈದಾನದಲ್ಲಿ ವಿಮಾನದ ನೆರಳಿನ ಹಿಂದೆ ಎಷ್ಟು ಓಡಿದೀವಿ! ನನ್ನ ಮೇಲೆ ಹಾದು ಹೋಗ್ತಿತ್ತು, ನಿಂಗೆ ಒಂದ್ಸಲಾನೂ ಸಿಗ್ಲಿಲ್ಲ. ‘ಒಂದಿನ ಮೇಲೆ ಕೂತೇ ನೋಡ್ತೀನಿ’ ಅಂತ ಅಳ್ತಿದ್ದೆ. ನೋಡಿದ್ಯಲ್ಲ, ಸಾಕು.”

“ಹೂಂ, ನೋಡಿದೆ” ಎಂದರು ಚಿಕ್ಕಮ್ಮ.

ಚಿಕ್ಕಪ್ಪನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಮರದ ಕೆಳಗೆ ಸಿಗುವುದೂ ನೆರಳು, ಕಾಲಿಗೆ ಅಂಟಿಕೊಂಡು ಬರುವುದೂ ನೆರಳು. ಜೀವಮಾನವಿಡೀ ನೆರಳು ಮಾರಿದ ಮನುಷ್ಯನಿಗೆ ಎರಡನೆಯದು ನೆನಪಿಗೇ ಬಂದಿರಲಿಲ್ಲ.

“ನಂಗ್ಯಾಕೆ ಬಿಡಿಸಿ ಹೇಳ್ಲಿಲ್ಲ?” ಫೋನು ಇಟ್ಟ ಮೇಲೆ ಕೇಳಿದರು.

“ಹೇಳಿದ್ರೆ ನಗ್ತಿದ್ರಿ. ಆಮೇಲೆ, ಅಷ್ಟು ಆಸೆಯಿಂದ ಬೆಟ್ಟದ ಕಡೆ ಕೊಡಿಸಿದ್ರಿ.”

“ಆ ಬೆಟ್ಟಾನೂ ನಾನು ತೋರಿಸ್ಲಿಲ್ಲ.”



ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಎನ್ನುತ್ತಾರಲ್ಲ, ಮರುದಿನವೇ ಚಿಕ್ಕಪ್ಪ ನನ್ನ ಮುಂದೆ ನಿಂತರು. ಅದೇ ಬೆಳಗಿನ ವಿಮಾನ ಬೇಕು, ಎಡಗಡೆ ಬೇಕು, ರೆಕ್ಕೆ ಅಡ್ಡ ಬರಬಾರದು. ಈಗ ಯಾಕೆ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಈ ಸಲ ನಾನೂ ಹೊರಟೆ, ಅವರ ಹಿಂದಿನ ಸೀಟಿನಲ್ಲಿ.

“ಕಿಟಕೀಲಿ ನೀವೇ ಕೂತ್ಕೊಳ್ಳಿ, ನಂಗೇನು ಕಾಣುತ್ತೆ” ಎಂದು ಚಿಕ್ಕಮ್ಮ ಹೇಳಿದರೂ ಕೇಳದೆ ಚಿಕ್ಕಪ್ಪ ಅವರನ್ನೇ ಕಿಟಕಿಗೆ ಕೂರಿಸಿದರು. ವಿಮಾನ ಇಳಿಯತೊಡಗಿದಾಗ ಅವರ ಮೇಲಿಂದ ಬಾಗಿ ಗಾಜಿಗೆ ಹಣೆ ಒತ್ತಿದರು.

“ಬಂತು ಕಣೇ! ಚಿಕ್ಕದಾಗಿದೆ. ಹೊಲದ ಮೇಲೆ ಓಡ್ತಿದೆ.”

“ಹೇಗಿದೆ?”

“ಹೇಗಂದ್ರೆ… ಕಪ್ಪಗಿದೆ.”

“ಅಯ್ಯೋ, ನೆರಳು ಕಪ್ಪಗಿರುತ್ತೆ ಅಂತ ನಂಗೊತ್ತಿಲ್ವಾ? ರೆಕ್ಕೆ ಕಾಣುತ್ತಾ?”

“ಇದೆ, ಎರಡೂ ಇದೆ. ಈಗೊಂದು ಮನೆ ಹತ್ತಿ ಇಳೀತು. ರಸ್ತೆ ದಾಟ್ತು. ದೊಡ್ಡದಾಗ್ತಿದೆ. ಈಗ ಮೈದಾನ…”

“ಮಕ್ಕಳಿದಾರಾ?”

“ಇದಾರೆ. ಹಿಂದೇನೇ ಓಡ್ತಿದಾರೆ.”

ನಾನೂ ನನ್ನ ಕಿಟಕಿಯಲ್ಲಿ ನೋಡಿದೆ. ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಷ್ಟರಲ್ಲಿ ವಿಮಾನ ನೆಲಕ್ಕಿಳಿಯಲು ವಾಲಿ, ಅರ್ಧ ಸುತ್ತು ತಿರುಗಿತು. ನೆರಳು ನಮ್ಮ ಹೊಟ್ಟೆಯ ಕೆಳಗೆ ಜಾರಿ ಆಚೆ ಕಡೆಗೆ ಹೋಯಿತು, ಬಿಸಿಲು ಈಚೆ ಬಂತು. ನೇರ ಚಿಕ್ಕಮ್ಮನ ಮುಖಕ್ಕೇ ಬಿತ್ತು. ಚಿಕ್ಕಪ್ಪನ ಕೈ, ಅದರ ಹಾಳು ಅಭ್ಯಾಸ, ತಾನಾಗಿ ಮುಚ್ಚಳಕ್ಕೆ ಹೋಯಿತು. ಚಿಕ್ಕಮ್ಮ ತಡವಿ ಆ ಕೈ ಹಿಡಿದುಕೊಂಡರು.

“ನೆರಳು ಹೋಯ್ತಲ್ವಾ?”

“ಹೋಯ್ತು.”

“ಹಾಗಾದ್ರೆ ಎಳೀಬೇಡಿ. ಬಿಸಿಲಾದ್ರೂ ಇರ್ಲಿ. ಅದೊಂದು ನಂಗೂ ಗೊತ್ತಾಗುತ್ತೆ.”

ಚಿಕ್ಕಪ್ಪ ಸದ್ದಿಲ್ಲದೆ ಅತ್ತರು, ಹೆಂಡತಿಗೆ ತಿಳಿಯಲಿಲ್ಲ ಎಂದುಕೊಂಡು. ಚಕ್ರಗಳು ನೆಲ ಮುಟ್ಟಿದರೂ ಚಿಕ್ಕಮ್ಮ ಆ ಕೈ ಬಿಟ್ಟಿರಲಿಲ್ಲ.