ಭಾವಂದಿರ ರುಜು

"ಅದ್ ಆಪ್ ಕೆಲ್ಸ ಅಲ್ಲ ಮಗಾ" ಎಂದು, ಪಂಪಿನ ಅರ್ಜಿ ಆಗುವ ಮಾತಲ್ಲವೆಂದು ಮೊದಲೇ ಹೇಳಿದವರು ನಮ್ಮೂರ ಶಾನುಭೋಗರು. ಡೀಸೆಲ್ ಪಂಪು ಕೊಳ್ಳುವವರಿಗೆ ಒಂದು ಪಾಲು ಹಣ ಸರ್ಕಾರವೇ ಕೊಡುತ್ತದೆ ಎಂದು ಬ್ಲಾಕ್ ಆಫೀಸಿನ ಗೋಡೆಗೆ ಕಾಗದ ಅಂಟಿಸಿದ್ದರು. ನಮ್ಮ ಗದ್ದೆ ಬೈಂದೂರು ಕಡೆ, ನೀರು ಹರಿಯುವ ತೋಡಿನ ಪಕ್ಕದಲ್ಲೇ. ಪಂಪಿದ್ದರೆ ಸುಗ್ಗಿ ಮುಗಿದ ಮೇಲೆ ಮೂರನೆಯ ಬೆಳೆ, ಕೊಳಕೆ, ತೆಗೆಯಬಹುದಿತ್ತು. ಏತದಿಂದ ನೀರೆತ್ತಿ ಎತ್ತಿ ಅಮ್ಮನ ಭುಜ ಬಿದ್ದುಹೋಗಿತ್ತು. ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನೂ ನಾನೊಬ್ಬನೇ. ಒಂದು ಅರ್ಜಿಯನ್ನು ದಡ ಮುಟ್ಟಿಸಲಾಗದಿದ್ದರೆ ಆ ಓದು ಯಾಕೆ ಎಂಬ ಸೊಕ್ಕು ನನಗಿತ್ತು.

ಅರ್ಜಿಗೆ ಬೇಕಿದ್ದ ಗದ್ದೆಯ ಹಕ್ಕುಪತ್ರ, ಪಟ್ಟೆ, ಇದ್ದದ್ದು ಮನೆಯ ಯಜಮಾನರಾಗಿದ್ದ ಮಾವನ, ಅಂದರೆ ಅಮ್ಮನ ಅಣ್ಣನ, ಹೆಸರಿನಲ್ಲಿ. ಜಿಲ್ಲೆ ಮದರಾಸಿಗೆ ಸೇರಿದ್ದಾಗಲೇ ಅವರು ತೀರಿಕೊಂಡಿದ್ದರು. ನಮ್ಮದು ಅಳಿಯಕಟ್ಟು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಮಾವನ ಮಕ್ಕಳಿಗೆ ಅವರ ತಾಯಿಮನೆಯದ್ದು. ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಪಟ್ಟೆಯ ಹೆಸರು ಬದಲಿಸಲು ನಮ್ಮವರ್ಯಾರೂ ಹೋಗಿರಲೇ ಇಲ್ಲ.

ಕುಂದಾಪುರದ ತಾಲೂಕು ಕಚೇರಿಯ ಗುಮಾಸ್ತರು ಘಟ್ಟದ ಮೇಲಿನವರು. "ಸತ್ತವರಿಗೆ ಗಂಡುಮಕ್ಕಳಿದಾರಲ್ರೀ? ತಂಗಿಗೆ ಹೆಂಗ್ ಬರುತ್ತೆ?" ಎಂದರು. ಅರ್ಧ ಗಂಟೆ ವಿವರಿಸಿದೆ. ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿಕೊಂಡು, "ಆ ಮಕ್ಕಳ ಹತ್ರ ಒಂದು ಒಪ್ಪಿಗೆ ಬರೆಸ್ಕೊಂಡ್ ಬನ್ನಿ, ಸಾಕು" ಎಂದರು.

ನಾನು ಎಡವಿದ್ದು ಇಲ್ಲೇ. ಬಸ್ಸು ಹತ್ತಿ ಬ್ರಹ್ಮಾವರಕ್ಕೆ, ಮಾವನ ಮಕ್ಕಳ ಮನೆಗೆ ಹೋದೆ.

"ಹ್ವಾಯ್ ಭಾವ, ನಿಮ್ಮನಿ ಗದ್ದಿಗೆ ನಮ್ ರುಜು ಎಂತಕೆ? ನಾವ್ ಎಂತ ನಟ್ಟಿ ಮಾಡಿದ್ವಾ?" ಎಂದು ದೊಡ್ಡ ಭಾವ ನಕ್ಕರು.

"ಹಾಕುವ ಅಣ್ಣ. ಪಂಪಿನ್ ನೀರ್ ಬ್ರಹ್ಮಾವರಕ್ಕೂ ಬತ್ತ್" ಎಂದ ಚಿಕ್ಕವನು. ಇಬ್ಬರೂ ರುಜು ಹಾಕಿಕೊಟ್ಟರು.

ಗುಮಾಸ್ತರು ಅದನ್ನು ಎರಡು ಸಲ ಓದಿದರು. "ಒಪ್ಪಿಗೆ ಕೊಟ್ಟಿದಾರೆ ಅಂದ್ಮೇಲೆ ಹಕ್ಕು ಅವರದ್ದೇ ಆಯ್ತಲ್ಲ. ಸಹಾಯಧನಕ್ಕೆ ಅವರೇ ಅರ್ಜಿ ಹಾಕ್ಲಿ."

ಮನೆಗೆ ಬಂದು ಹೇಳಿದೆ. ಅಮ್ಮ ಗಂಜಿ ಬಡಿಸುತ್ತ, "ನೀ ಓದ್ದೇ ಇದ್ದಿರೆ ಗದ್ದಿ ಆದ್ರೂ ನಮ್ದೇ ಇರ್ತಿತ್" ಎಂದಳು.

ಆ ಒಂದು ಕಾಗದದ ಕೆಡುಕು ತೊಳೆಯಲು ವರ್ಷಕ್ಕೂ ಮೇಲೆ ಹಿಡಿಯಿತು. ತಹಶೀಲ್ದಾರರಿಗೆ ಬರೆದೆ. ಉತ್ತರವಿಲ್ಲ, ಮತ್ತೆ ಬರೆದೆ. ಭಾವಂದಿರನ್ನು ಕರೆತಂದು "ನಮಗೆ ಹಕ್ಕಿಲ್ಲ" ಎಂದು ಹೇಳಿಕೆ ಕೊಡಿಸಿದೆ. ಸ್ಥಳ ತನಿಖೆಗೆ ಬರುತ್ತೇನೆಂದ ರೆವಿನ್ಯೂ ಇನ್ಸ್‌ಪೆಕ್ಟರರು ಎರಡು ಸಲ ಬರಲಿಲ್ಲ. ಎರಡು ಸಲವೂ ನಾವು ಕೆಲಸ ಬಿಟ್ಟು, ನೆರೆಯವರನ್ನು ಕೂರಿಸಿಕೊಂಡು ಅಂಗಳದಲ್ಲಿ ಕಾದೆವು. ಮೂರನೆಯ ಸಲ ಬಂದವರು ಹತ್ತೇ ನಿಮಿಷದಲ್ಲಿ ಎಲ್ಲ ಬರೆದುಕೊಂಡು ಹೊರಟರು. ಇಷ್ಟಕ್ಕಾ ಇಷ್ಟು ದಿನ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು, ಕೇಳಲಿಲ್ಲ. ಅವರ ವರದಿಯ ಮೇಲೆ ತಹಶೀಲ್ದಾರರ ರುಜು ಇನ್ನೂ ಬಾಕಿಯಿತ್ತಲ್ಲ.

ಕಡೆಗೆ ಅಮ್ಮನನ್ನೂ ಕರೆದುಕೊಂಡು ಕಚೇರಿಗೆ ಹೋದೆ. ಗುಮಾಸ್ತರು ಗದ್ದೆಯ ಹಕ್ಕಿನ ದೃಢಪತ್ರವನ್ನು ಅವಳ ಕೈಗೇ ಕೊಟ್ಟರು. "ಪಂಪಿನ ಹಣ ಈ ವರ್ಷದ್ದು ಮುಗೀತು. ಬರೋ ವರ್ಷ ಇದನ್ನ ಸೇರಿಸಿ ಅರ್ಜಿ ಹಾಕಿ" ಎಂದರು.

ಅಮ್ಮನಿಗೆ ಓದು ಬಾರದು. ಮೊಹರಿನ ಮೇಲೆ ಬೆರಳಾಡಿಸಿ, "ಎಂತ ಬರ್ದಿತ್ ಮಗಾ ಇದ್ರಗೆ?" ಎಂದಳು.

"ನೀ ಮಾವನ್ ತಂಗಿ ಅಂದೇಳಿ."

"ಅದ್ ನಂಗ್ ಹುಟ್ಟಿದಲ್ಲಿಂದ ಗೊತ್ತಿತ್. ನೀರ್ ಯಾವಾಗ ಬತ್ತ್ ಅಂದೇಳಿ ಬರ್ದಿತಾ ಕಾಣ್."