ಕರಡಿಗೆಯ ಮರೆಯ ಗಂಟು

ಹಸಿದು ಬಂದವರ ಮುಖ ನೋಡಿಯೇ ಮುದ್ದೆಗೆ ಎಸರಿಡುವವಳು. ಅಳುವವರ ಬಳಿ ಮಾತಿಲ್ಲದೆ ಕೂರಬಲ್ಲವಳು, ನಗುವವರ ನಡುವೆ ಎಲ್ಲರಿಗಿಂತ ಗಟ್ಟಿಯಾಗಿ ನಗಬಲ್ಲವಳು. ಲಿಂಗಪೂಜೆಯಾಗದೆ ತೊಟ್ಟು ನೀರನ್ನೂ ಮುಟ್ಟದವಳು, ಆದರೆ ಶಿವನನ್ನು ಬೇಡಿದ್ದಕ್ಕಿಂತ ಶಿವನೊಡನೆ ವಾದಿಸಿದ್ದೇ ಹೆಚ್ಚಾದವಳು. ಸುಳ್ಳಿನಿಂದ ಬರುವ ನೆಮ್ಮದಿ ತನಗೆ ಬೇಡವೆಂದವಳು. ಇಂಥವಳು ತಿಪಟೂರಿನ ಮಗ್ಗುಲ ಬಿಳಿಗೆರೆಯಲ್ಲಿ ಕೊಬ್ಬರಿ ವ್ಯಾಪಾರಿ ಹಾಲಸ್ವಾಮಿಯ ಮಡದಿ, ಸರ್ವಮಂಗಳ.

ಒಂದೇ ಸೂರಿನಡಿ ಇಷ್ಟು ಕಾಲ ಬಾಳಿಯೂ ಈ ಹೆಂಗಸಿನ ಎತ್ತರವನ್ನು ತಾನು ಕಾಣಲಿಲ್ಲವೆಂದು ಹಾಲಸ್ವಾಮಿಗೆ ಹೊಳೆದದ್ದು ಎರಡು ಸಾವಿರದ ಮೂರನೆಯ ಇಸವಿಯ ಬೇಸಗೆಯಲ್ಲಿ, ಕೊಬ್ಬರಿ ಬಿಡಿಸುವ ಒಂದು ಮಧ್ಯಾಹ್ನ.

ಅದಕ್ಕೂ ಕೆಲವು ವರ್ಷ ಹಿಂದೆ ಅವಳ ಎಡಸ್ತನದಲ್ಲಿ ಅಡಕೆಯಷ್ಟು ಗಾತ್ರದ ಗಂಟೊಂದು ಕೈಗೆ ಸಿಕ್ಕಿತ್ತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ತೂಗಿ ಹಗಲೆಲ್ಲ ಒತ್ತಿಕೊಂಡಿರುತ್ತಿದ್ದದ್ದು ಅದೇ ಜಾಗದಲ್ಲಿ. "ಲಿಂಗ ಒತ್ತಿದ ಗಂಟು ಕಣವ್ವಾ, ಪುಣ್ಯದ ಗುರುತು," ಎಂದು ಅತ್ತೆ ವಿಭೂತಿ ಹಚ್ಚಿದರು. ನೋವಿಲ್ಲದ್ದರಿಂದ ಯಾರೂ ಹೆದರಲಿಲ್ಲ. ಗಂಟು ಕಂಕುಳಿಗೂ ಹಬ್ಬಿದ ಮೇಲೆ ಬೆಂಗಳೂರಿನ ಆಸ್ಪತ್ರೆ ಕಂಡದ್ದಾಯಿತು. ಸ್ತನವನ್ನು ತೆಗೆದರು, ಔಷಧದ ಬಿಸಿಗೆ ಕೂದಲು ಉದುರಿ ಮತ್ತೆ ಹುಟ್ಟಿತು. "ವಾಸಿಯಾಯ್ತು ಕಣಪ್ಪ," ಎಂದು ಹಾಲಸ್ವಾಮಿ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಎರಡು ಸಾವಿರದ ಮೂರರ ಶಿವರಾತ್ರಿ ಕಳೆದೊಡನೆ ಅವಳ ಬೆನ್ನು ನೋಯತೊಡಗಿತು. ಪರೀಕ್ಷಿಸಿದ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ಎದೆಯ ಕ್ಯಾನ್ಸರೇ ಬೆನ್ನುಮೂಳೆಗೆ ಹೋಗಿ ನೆಲೆಸಿದೆ, ಬೇರುಸಹಿತ ಕೀಳಲಾಗದು, ಔಷಧದಿಂದ ಹಿಡಿದಿಡಬಹುದು, ಎಷ್ಟು ಕಾಲವೆಂದು ಹೇಳಲು ತಮ್ಮಿಂದಾಗದು.

ಊರಿಗೆ ಮರಳುವ ಬಸ್ಸಿನಲ್ಲಿ ಹಾಲಸ್ವಾಮಿ ಪಿಸುಗುಟ್ಟಿದ: "ಸೊಂಟ ನೋವು ಅಂತ ಹೇಳಾಣ ಕಣೇ. ಜನ ಈಗಲೇ ಚಟ್ಟ ಕಟ್ಟಿಬುಡ್ತಾರೆ."

"ಕಟ್ಲಿ ಬುಡಿ, ನಾನು ಹತ್ತಬೇಕಲ್ಲ," ಎಂದಳು ಅವಳು. ಆದರೂ ಗಂಡನ ಕಣ್ಣಿನ ಅಂಜಿಕೆಯನ್ನು ಕಂಡು ಸುಮ್ಮನಾದಳು.

ಆ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹೆಂಗಸರು ಕೂತು ಚಿಪ್ಪನ್ನು ತಟ್ಟಿ ತಟ್ಟಿ ಉಂಡೆಗೊಬ್ಬರಿಯನ್ನು ಒಡೆಯದಂತೆ ಹೊರತೆಗೆಯುತ್ತಿದ್ದರು. ಹಾಲಸ್ವಾಮಿ ಬಾಗಿಲಾಚೆ ಚೀಲ ಹೊಲಿಯುತ್ತಿದ್ದ. ಅದೇ ಊರಿಗೆ ಕೊಟ್ಟಿದ್ದ ಅವನ ತಂಗಿ ಶಿವರುದ್ರಮ್ಮನೂ ಕೆಲಸಕ್ಕೆ ಕೈಜೋಡಿಸಿದ್ದಳು. ಮಚ್ಚು ಎತ್ತಿದಾಗಲೆಲ್ಲ ಅವಳು ಕರಡಿಗೆಯನ್ನು ಬಲಕ್ಕೆ ಸರಿಸಿಕೊಳ್ಳುತ್ತಿದ್ದದ್ದು ಸರ್ವಮಂಗಳಳ ಕಣ್ಣಿಗೆ ಬಿತ್ತು.

"ಯಾಕೆ ಶಿವರುದ್ರಿ, ಕರಡಿಗೆ ಆ ಕಡೆ ಹೋಯ್ತು?"

"ಒತ್ತಿ ಒತ್ತಿ ಗಂಟು ಕಟ್ಟೈತೆ ಅತ್ತಿಗೆಮ್ಮ. ನೋವೇನಿಲ್ಲ ಬುಡಿ."

ಹೊರಗೆ ಹಾಲಸ್ವಾಮಿಯ ದಬ್ಬಳ ಗೋಣಿಯಲ್ಲೇ ನಿಂತಿತು.

"ನಾಳೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಾಣ," ಎಂದಳು ಸರ್ವಮಂಗಳ.

"ನಿಮಗೇನು, ಆಸ್ಪತ್ರೆ ತವರುಮನೆ ಆಗೈತೆ!" ಶಿವರುದ್ರಮ್ಮ ನಕ್ಕಳು. "ಎದೆ ಮೇಲೆ ಲಿಂಗ ಇರೋವಾಗ ಕೇಡು ಬತ್ತದಾ?"

"ಹೋಗೇ, ಉಡಿ ತುಂಬಿ ಕಳಿಸ್ತಾರೆ," ಎಂದು ನೆರೆಮನೆಯ ಭೈರಮ್ಮ ಚುಡಾಯಿಸಿದಳು. ಎಲ್ಲರೂ ನಕ್ಕರು, ಸರ್ವಮಂಗಳ ನಗಲಿಲ್ಲ.

"ನಂದು ವಾಸಿಯಾಗಿಲ್ಲ ಕಣ್ರೇ."

"ಲೇ, ಸಾಕು ಬುಡು!" ಎಂದು ಹಾಲಸ್ವಾಮಿ ಬಾಗಿಲಿಗೆ ಬಂದ.

"ಬಂದ್ರಾ? ನಿಂತು ಕೇಳಿ. ನಿಮ್ಮ ತಂಗಿ ಮುಂದೆ ನಾನು ಸುಳ್ಳಾಡಕ್ಕಿಲ್ಲ." ಅವಳು ನಾದಿನಿಯ ಕಡೆ ತಿರುಗಿದಳು. "ಬೆನ್ನುಮೂಳೆಗೆ ಹೋಗೈತೆ. ಇನ್ನು ಪೂರ್ತಿ ಹೋಗಾಕಿಲ್ಲ. ಇರೋಗಂಟ ಔಷಧ ತಗೋಬೇಕು."

ಶಿವರುದ್ರಮ್ಮನ ಮುಖ ಬಿಳಿಚಿತು. ಆಮೇಲೆ ಅದೇ ಮುಖಕ್ಕೆ ಸಿಟ್ಟೇರಿತು. "ಕೊಯ್ಸಿಕೊಂಡು ಬಂದ ನಿಮಗೇ ವಾಸಿಯಾಗಿಲ್ಲ. ನಾನ್ಯಾಕೆ ಹೋಗಿ ಸಾಯ್ಲಿ?"

ಬಾಗಿಲಿಗೆ ಓಡಿ ಬಂದಾಗ ಹಾಲಸ್ವಾಮಿ ಅಂಜಿದ್ದು ಈ ಮಾತಿಗೇ. ನಿಜ ಹೇಳಿದರೆ ತಂಗಿ ಹೋಗಲಾರಳು, ಹೋಗದಿದ್ದರೆ ಉಳಿಯಲಾರಳು. ವಾಸಿಯಾಗಿದೆ ಎಂಬ ಒಂದೇ ಸುಳ್ಳು ಸಾಕಿತ್ತಲ್ಲ ಎಂದು ಅವನು ಹೆಂಡತಿಯ ಮೇಲೆ ಒಳಗೇ ಸಿಟ್ಟಾದ.

ಸರ್ವಮಂಗಳ ಮಚ್ಚನ್ನು ಕೆಳಗಿಟ್ಟಳು. ನಾದಿನಿಯ ಕೈ ಹಿಡಿದು ಸೆರಗಿನೊಳಗೆ, ತನ್ನ ಬರಿದಾದ ಎದೆಯ ಮೇಲೆ ಇರಿಸಿಕೊಂಡಳು. ಹಾಲಸ್ವಾಮಿ ಮುಖ ತಿರುಗಿಸಿದ.

"ಮುಟ್ಟಿ ನೋಡು. ಇಲ್ಲೂ ಗಂಟಿತ್ತು, ನೋವಿರಲಿಲ್ಲ. ಲಿಂಗ ಒತ್ತಿತು ಅಂತ ನಾನು ಶಿವನ ಮೇಲೆ ದೂರು ಹಾಕಿ ಕೂತೆ. ಶಿವ ಏನೂ ಒತ್ತಿರಲಿಲ್ಲ ಕಣವ್ವಾ. ಬೇಗ ಹೋದೋರಲ್ಲೂ ಕೆಲವರಿಗೆ ತಿರುಗಿ ಬತ್ತದಂತೆ. ಅದು ಯಾರ ಪಾಪವೂ ಅಲ್ಲ. ಆದರೆ ಬೇಗ ಹೋದೋರು ಬಾಳಾ ಜನ ಗೆದ್ದವ್ರೆ. ನಾನು ಗೆಲ್ಲದಿದ್ರೂ ಸತ್ತಿಲ್ಲ. ಬೆಳಿಗ್ಗೆ ಪೂಜೆ ಮಾಡಿದೆ, ಮುದ್ದೆ ತಿರುವಿದೆ, ಈಗ ನಿನ್ನ ಹತ್ರ ಜಗಳ ಆಡ್ತಾ ಕೂತಿದೀನಿ. ಇದು ಬಾಳಲ್ಲವಾ?"

ಶಿವರುದ್ರಮ್ಮ ಕೈ ತೆಗೆಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು: "ನೀವೂ ಜೊತೆಗೆ ಬತ್ತೀರಾ?"

"ಬತ್ತೀನಿ. ದಾರಿಯುದ್ದಕ್ಕೂ ಬಯ್ಯೋಕೆ ಜನ ಬೇಕಲ್ಲ ನಿಂಗೆ."

ಹಾಲಸ್ವಾಮಿ ಬಾಗಿಲ ಕಂಬ ಹಿಡಿದು ನಿಂತಿದ್ದ. ತಾನು ಕಟ್ಟಿದ ಸುಳ್ಳಿನ ಬೇಲಿಯನ್ನು ದಾಟಿ, ಸಾವನ್ನು ಹೆಸರು ಹಿಡಿದು ಕರೆದು, ಅದರ ಎದುರಿನಲ್ಲೇ ಒಂದು ಜೀವವನ್ನು ಅವಳು ತನ್ನತ್ತ ಸೆಳೆದುಕೊಂಡಿದ್ದಳು. ಗುರುಗಳ ಪಾದಕ್ಕೆ ಎರಗುವಾಗ ಮೈಯಲ್ಲಿ ಏಳುವ ನಡುಕವೇ ಆಗ ಅವನ ಮೈಯಲ್ಲೂ ಎದ್ದಿತು.

ಮರುದಿನ ಮೂವರೂ ಹೋದರು. ಶಿವರುದ್ರಮ್ಮನದೂ ಕ್ಯಾನ್ಸರೇ. ಆದರೆ ಅದಿನ್ನೂ ಕಂಕುಳ ಕಡೆ ಕಾಲಿಟ್ಟಿರಲಿಲ್ಲ. ಶಸ್ತ್ರಕ್ರಿಯೆಯಾಗಿ, ಚಿಕಿತ್ಸೆ ಮುಗಿದು, ಮುಂದಿನ ಯುಗಾದಿಗೆ ಅಣ್ಣನ ಮನೆಯಲ್ಲಿ ಒಬ್ಬಟ್ಟು ತಟ್ಟುತ್ತ, ಹೂರಣ ಸಪ್ಪೆಯೆಂದು ಅತ್ತಿಗೆಯೊಡನೆ ವಾದಕ್ಕಿಳಿದಳು.

ಆಮೇಲೆ ಈ ಸುದ್ದಿ ಹಬ್ಬಿ, ತಮ್ಮ ಹೆಂಗಸರಿಗೂ ಬಂದು ಹೇಳಿರೆಂದು ಸರ್ವಮಂಗಳಳಿಗೆ ಊರೂರಿನಿಂದ ಕರೆ ಬಂತು. ಮೂಳೆಯ ಬಲಕ್ಕೆಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡ ವಾರ ಮಲಗಿರುವಳು; ಏಳಲಾದ ದಿನ ಬಿಳಿಗೆರೆಯಿಂದ ಸಂಪಿಗೆಗೋ ಅಮ್ಮಸಂದ್ರಕ್ಕೋ ಹೊರಡುವಳು. ಪೂಜೆಗೆ ಕರಡಿಗೆ ತೆಗೆದಾಗ ತಿಂಗಳಿಗೊಮ್ಮೆ ಎದೆಯನ್ನೂ ಕಂಕುಳನ್ನೂ ತಡವಿ ನೋಡಿಕೊಳ್ಳಿರೆಂದು ಲಿಂಗವಂತ ಹೆಂಗಸರಿಗೆ, ಎಣ್ಣೆನೀರಿನ ದಿನ ನೋಡಿಕೊಳ್ಳಿರೆಂದು ಹುಳಿಯಾರಿನ ಕಡೆಯ ಕುರಿಗಾಹಿ ಹಟ್ಟಿಗಳ ಹೆಂಗಸರಿಗೆ ಹೇಳುವಳು. ಹೊಸ ಗಂಟು ನೋಯದಿದ್ದರೂ ಬಿಡಬೇಡಿರೆನ್ನುವಳು. ಮೊದಲ ಮಾತು ಮಾತ್ರ ಎಲ್ಲೆಡೆಯೂ ಒಂದೇ: "ನಾನು ವಾಸಿಯಾದೋಳಲ್ಲ ಕಣ್ರವ್ವಾ, ಬಾಳ್ತಾ ಇರೋಳು." ಆ ಮಾತಾಡುವಾಗ ಜಗಲಿಯಂಚಿನಲ್ಲಿ ಅವಳ ಚೀಲ ಹಿಡಿದು ಕೂತಿರುವ ಹಾಲಸ್ವಾಮಿ ತಲೆ ಎತ್ತಿಯೇ ಇರುತ್ತಾನೆ.

ಶಿವನು ಆ ತಾಯಿಯ ಬೆನ್ನಿಗೆ ಬಲವನ್ನೂ ನಿದ್ದೆಗೆ ನೆಮ್ಮದಿಯನ್ನೂ ಕೊಡಲಿ. ಅವಳ ಜೊತೆ ನಡೆಯುವ ಹಾಲಸ್ವಾಮಿಯ ಕಾಲು ದಣಿಯದಿರಲಿ. ಶಿವರುದ್ರಮ್ಮನ ಆಯುಸ್ಸು ಬೆಳೆಯಲಿ. ಆ ಮನೆಯ ಒಲೆ ಆರದಿರಲಿ, ಮಕ್ಕಳು ಮೊಮ್ಮಕ್ಕಳು ತಂಪಾಗಿರಲಿ. ಆ ಹೊಸ್ತಿಲು ತುಳಿದ ಹೆಣ್ಣುಮಕ್ಕಳೆಲ್ಲ ಅಂಜಿಕೆ ಕಳೆದು ನೂರ್ಕಾಲ ಬಾಳಲಿ.